ಆರು ಸೊನ್ನೆ ಸೊನ್ನೆ

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆ. ರಾತ್ರಿ ಹನ್ನೊಂದೂಕಾಲು.
ಮೂಲೆಯಲ್ಲಿ ಹರಾಜಿನ ಸರ್ವರ್ ಗುಂಯ್‌ಗುಡುತ್ತಿದೆ,
ಹುಳುವಿನ ವಾಸನೆ ಅದರ ಫ್ಯಾನಿನೊಳಗೂ.
ನಾಳೆಯಿಂದ ಮನೆಯಲ್ಲೇ ಕೂತು ಒಳಹೊಗಲು ದಾರಿ ಬೇಕು.
ಲ್ಯಾಪ್‌ಟಾಪಿನಿಂದ ಕೀಲಿ ಕೊಟ್ಟೆ. ಅನುಮತಿ ಇಲ್ಲ.
ಮತ್ತೆ ಕೊಟ್ಟೆ. ಇಲ್ಲ.

ಅನುಮತಿ ತಾನೇ, ತಗೋ, ಎಂದು
ಏಳು ಏಳು ಏಳು ಒತ್ತಿದೆ:
ಓದಲಿ, ಬರೆಯಲಿ, ಓಡಿಸಲಿ, ಊರಿಗೆ ಊರೇ ಬರಲಿ.
ಆಗಲೂ ಇಲ್ಲ.

ಕಾವಲಿನ ಪಿಳ್ಳಪ್ಪ ಬೀಡಿ ಆರಿಸಿ ಇಣುಕಿದ.
"ಇನ್ನೂ ಆಗ್ಲಿಲ್ವೇನಮ್ಮ ತಬಸ್ಸುಮ್?"
ಗೇಟಿನ ಬೀಗದಕೈ ಅವನ ಉಡಿದಾರದಲ್ಲಿ.
ಸೆಕ್ರೆಟರಿ ಕೇಳಿದರೂ ಬಿಚ್ಚಿ ಕೊಡುವವನಲ್ಲ,
ತಾನೇ ಎದ್ದು ಬಂದು ತೆಗೆಯುತ್ತಾನೆ.
ಮೊಳೆಗೆ ನೇತುಹಾಕಿದ ವರ್ಷ
ಎರಡು ಕ್ರೇಟು ಗೂಡು ಹೋಗಿದ್ದವಂತೆ.

ಲಾಗ್ ತೆರೆದೆ. ಮೊದಲೇ ಓದಬೇಕಿತ್ತು:
ಕೀಲಿಯ ಫೈಲು ಎಲ್ಲರಿಗೂ ತೆರೆದಿದೆ,
ಇದನ್ನು ನಂಬಲಾರೆ.

ಆರು ಸೊನ್ನೆ ಸೊನ್ನೆ.
ನನಗೊಬ್ಬಳಿಗೆ ಆರು. ಮಿಕ್ಕವರಿಗೆಲ್ಲ ಸೊನ್ನೆ,
ಪಿಳ್ಳಪ್ಪನಿಗೂ.
ಸದ್ದಿಲ್ಲದೆ ತೆರೆಯಿತು;
ಕರೀ ಪರದೆಯ ಮೇಲೆ ಮಿಣುಕುವ ಒಂದು ಗೆರೆ, ಅಷ್ಟೇ.

ಬ್ಯಾಗು ಹೆಗಲಿಗೇರಿಸಿ ಹೊರಬಂದರೆ
ಗೇಟಿಗೆ ಬೀಗ.
ಪಿಳ್ಳಪ್ಪ ಬಸ್‌ಸ್ಟ್ಯಾಂಡಿಗೆ, ಟೀಗೆ, ಹೋಗಿದ್ದಾನೆ.