ಸೂಜಿತೂತು

ವಾಡ್ಸೋದಲ್ಲಿ ಜೂನ್. ಸೂರ್ಯನಿಗೆ ಮನೆಯಿಲ್ಲ, ಮಠವಿಲ್ಲ.
ಅಂಗಡಿಯ ರಾಗ್ನಿ ತುಂಡುಬಟ್ಟೆಗಳ ಪುಸ್ತಕ ಬಿಚ್ಚಿದಳು:
ಇದು ಮುಕ್ಕಾಲು ಕತ್ತಲೆ, ಇದು ಇನ್ನೊಂದು ಚೂರು ಜಾಸ್ತಿ...
‘ಕಗ್ಗತ್ತಲೆ ಬೇಕು, ಮೀಟರಿಗೆ ಎಷ್ಟು?’ ಎಂದ ಹಾಲ್ವರ್.
ಮುಚ್ಚಿದ ಟಾಕೀಸಿನಲ್ಲಿ ಮೂವತ್ತು ವರ್ಷ ರೀಲು ಓಡಿಸಿದವನು,
ಬಟ್ಟೆಯನ್ನು ಬೆರಳಲ್ಲಿ ಉಜ್ಜಿಯೇ ಹೇಳಬಲ್ಲ.

ರಬ್ಬರು ಬೆನ್ನಿನ ಕಪ್ಪು ಪರದೆ, ಚೌಕಟ್ಟಿಗೆ ಹಳಿ,
ಅಂಚಿಗೆ ಅಂಟುಪಟ್ಟಿ. ಅಳೆದದ್ದು ಎರಡು ಸಲ,
ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ರಾತ್ರಿ ಹನ್ನೊಂದು. ಇಳಿಸಿದ.
ಹೊಲಿಗೆ ತಪ್ಪಿದಲ್ಲಿ ಒಂದೇ ಒಂದು ಸೂಜಿತೂತು.
ಟೇಪು ತರಲು ಎದ್ದವನು
ನಿಂತ:

ಎದುರು ಗೋಡೆಯ ಮೇಲೆ ಇಡೀ ಬಂದರು, ತಲೆಕೆಳಗಾಗಿ.
ಮುಗಿಲ ಮೇಲೆ ಕಡಲು.
ಬಾವಲಿಯಂತೆ ಜೋತ ಕೆಂಪು ದೋಣಿಯೊಂದು
ಸದ್ದಿಲ್ಲದೆ ದಡಕ್ಕೆ ಬರುತ್ತಿದೆ.

ಪ್ರೊಜೆಕ್ಟರಿನ ಸ್ವಿಚ್ಚು ಎಲ್ಲಿ ಎಂದು
ಹೆಂಡತಿ ಕೇಳುತ್ತಲೇ ಇದ್ದಳು.