ಪಾಷಾಣ್, ಬೆಳಗಿನ ಜಾವ ಮೂರು

ಪಾಷಾಣ್ ಎಂದರೆ ಪುಣೆಯಲ್ಲಿ ಬಸ್ಸಿನ ಬೋರ್ಡು.
ಇಂಡಿಯ ಸೋದರತ್ತೆಗೆ ಮಾತ್ರ ಇಲಿಗಿಡುವ ವಿಷ.
‘ಎಂಥಾ ಊರ ಹಿಡದೀಯವಾ, ರಾತ್ರಿಯೆಲ್ಲಾ ಏನ್ ಮಾಡ್ತೀ ಅಲ್ಲಿ?’
ನೊಣ ಎಣಸ್ತೀನಿ, ಅತ್ತಿ.
ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ;
ನನಗೆ ಅದಕ್ಕೇ ಸಂಬಳ, ಮೂರು ತಿಂಗಳು ತಡವಾಗಿ.

ಕೆಂಪು ದೀಪದ ಕೋಣೆ. ಕೆಂಪು ಇವುಗಳ ಕಣ್ಣಿಗೆ ಬೀಳದು.
ಬಾಳೆಹಣ್ಣಿನಿಂದೇಳುವ ಸಾಸಿವೆಯಷ್ಟು ಜೀವಗಳು,
ನಳಿಗೆಗೊಂದರಂತೆ, ಹತ್ತಿಯ ಬಿರಟೆ ಹಾಕಿ
ಹನ್ನೊಂದು ದಿನದಿಂದ ಕತ್ತಲಲ್ಲಿಟ್ಟಿದ್ದೇನೆ.
ಸೂರ್ಯ ಮರೆತಿರಬೇಕು.
ಮರೆತಿಲ್ಲ.
ಸೂಸ್ ರಸ್ತೆಗೆ ಹಾಲಿನ ಟೆಂಪೊ ಬರುವ ಹೊತ್ತಿಗೆ
ಒಳಗೆ ಒಂದೊಂದೇ ಎದ್ದು ಅಡ್ಡಾಡತೊಡಗುತ್ತವೆ.

ಗಡಿಯಾರದ ಮುಳ್ಳು ಎಂದೋ ಸಿಕ್ಕಿದೆ, ಹೆಸರಿಟ್ಟೂ ಆಗಿದೆ.
ನನ್ನದು ಮಡಿಕೆಯ ಲೆಕ್ಕ.

ಅದು ತಲೆಗೆ ಹೊಕ್ಕಿದ್ದು ಪಾಠದಿಂದಲ್ಲ, ಗುಂಜಾಬಾಯಿಯಿಂದ.
ನೊಣಗಳಿಗೆ ಗೋವಿನಜೋಳದ ಹಿಟ್ಟು, ಬೆಲ್ಲ, ಯೀಸ್ಟು ಕುದಿಸುವಾಕೆ;
ಒಂಬತ್ತು ಗಜ, ಬಿಗಿದ ಕಚ್ಚೆ.
ಕಪಾಟಿನ ಕೀಲಿ ಕೇಳಿದರೆ ಗೋಡೆಗೆ ತಿರುಗಿ
ಸೊಂಟದ ಒಂದು ಸುತ್ತನ್ನು ಬೆರಳಗಲ ಸಡಿಲಿಸಿ
ಕೊಟ್ಟಳು, ಮತ್ತೆ ಬಿಗಿದಳು.
ಅಷ್ಟೂ ಹೊತ್ತು ಕೀಲಿ ಅಲ್ಲೇ ಇತ್ತು.

ಉಂಡೆ ಉಂಡೆಗೆ ಸುತ್ತಿದ ದಾರ,
ಸಂಜೆ ಸಡಿಲ: ಓದಬಹುದು, ನಕಲು ತೆಗೆಯಬಹುದು.
ರಾತ್ರಿ ಜಾರಿದ ಹಾಗೆ
ತಾನೇ ಹೇಳಿಸಿದ ಮಾತು ತಿರುಗಿ ಬಂದು
ತನ್ನ ಬಾಯನ್ನೇ ಮುಚ್ಚುತ್ತದೆ.
ಆಗ ಆ ತುಣುಕು ಬಿಗಿದು, ಮುದುಡಿ,
ಕೋಶಕೇಂದ್ರದ ಗೋಡೆಗೆ ಬೆನ್ನು ಹಚ್ಚಿ ಕೂರುತ್ತದೆ
ಮರುದಿನದ ತನಕ.

ನಲವತ್ತೊಂದನೆಯ ತಳಿಯಲ್ಲಿ ಅಕ್ಷರ ಒಂದೂ ತಪ್ಪಿಲ್ಲ.
ಮಡಿಸುವ ಕೈ ಮಾತ್ರ ಸೋತಿದೆ.
ಇಡೀ ರಾತ್ರಿ ನಡೆಯುತ್ತವೆ, ಇಡೀ ಹಗಲೂ,
ಗಾಜಿನ ಈ ತುದಿಯಿಂದ ಆ ತುದಿಗೆ,
ಎಲ್ಲಿಗೆಂದು ಗೊತ್ತಿಲ್ಲದೆ.

ಇದನ್ನು ಹರಕು ಮರಾಠಿಯಲ್ಲಿ ಹೇಳಿದಾಗ
ಗುಂಜಾಬಾಯಿ ಸೌಟು ನಿಲ್ಲಿಸಿದಳು.
ಗಂಡ ಪಿಂಪ್ರಿಯಲ್ಲಿ ಇಪ್ಪತ್ತಾರು ವರ್ಷ ರಾತ್ರಿಪಾಳಿ,
ಈಗ ರಿಟೈರು. ಎರಡು ಗಂಟೆಗೆ ಎದ್ದು
ಡಬ್ಬಿ ಎಲ್ಲಿ ಅನ್ನುತ್ತಾನಂತೆ.
‘ನಿಮ್ಮ ನೊಣಕ್ಕೆ ಔಷಧ ಸಿಕ್ಕರೆ ಹೇಳಿ.’
ಸೌಟು ಮತ್ತೆ ತಿರುಗಿತು; ತಳ ಹಿಡಿಯಬಾರದಲ್ಲ.

ಮೂರು. ನಾಲ್ಕನೆಯ ಸ್ಯಾಂಪಲ್.
ದ್ರವ ಸಾರಜನಕದ ಬಿಳಿ ಹೊಗೆಯಲ್ಲಿ ಅದ್ದಿ, ಕುಲುಕಿ,
ಜರಡಿ ಹಿಡಿಯುತ್ತೇನೆ:
ಒಡಲು ಮೇಲುಳಿಯುತ್ತದೆ, ತಲೆ ಕೆಳಗೆ ಉದುರುತ್ತದೆ,
ಗಸಗಸೆಯ ಹಾಗೆ,
ಒಂದೊಂದರಲ್ಲೂ ನಿಂತುಹೋದ ಈ ಹೊತ್ತು.

ಲೇಬಲ್ ಬರೆದೆ. ಸುಮ್ಮನೆ ಹಸಿವಾಯಿತು,
ಈ ಹೊತ್ತಿನದಲ್ಲದ ಹಸಿವು.
ಎಲ್ಲ ಕಡೆ ಬೆಲ್ಲದ ವಾಸನೆ.