ರಸಮಟ್ಟ

ಟೈಲ್ಸ್ ಹಾಕವನ ಕಣ್ಣು ಯಾವಾಗ್ಲೂ ಗುಳ್ಳಿ ಮ್ಯಾಲ.
ಎರಡು ಗೀಟಿನ ನಡುವ ನಿಂತರ ನೆಲ ನೆಟ್ಟಗ,
ಕೂದಲೆಳಿ ಸರಿದರೂ ಕಿತ್ತು ಮತ್ತ ಹಾಕು.
ಶಾರ್ಜಾದಾಗ ಒಂಬತ್ತು ವರ್ಷ,
ನಾ ಹಾಕಿದ ನೆಲದ ಮ್ಯಾಲ ಗೋಲಿ ಬಿಟ್ಟರ
ಬಿಟ್ಟಲ್ಲೇ ನಿಂದರತದ.

ಸಜಾ ಕ್ಯಾಂಪಿನಾಗ ನನ್ನ ಕೆಳಗಿನ ಮಂಚದವ
ಕಾಪುವಿನ ಸಂಜೀವ ಸಾಲಿಯಾನ್.
ದಿನಾ ರಾತ್ರಿ ಅವಂದು ಅದೇ ಮಾತು:
"ಇದು ಮನುಷ್ಯರು ಇರುವ ಜಾಗವಾ ಮಾರಾಯ?
ಬಸ್ಸಿಗೆ ಎಸಿ ಇಲ್ಲ, ಹನ್ನೆರಡು ಜನಕ್ಕೆ ಒಂದು ಕಕ್ಕಸು."
ಅವನ ಮನಿ ಅಂಗಳದಾಗ ಸ್ವಂತ ಬಾವಿ ಅದ.

ನಾ ಸುಮ್ಮನ ಕೇಳತೀನಿ.
ಬಂದ ಮೊದಲನೆ ದಿನ ನೆನಪಾಗತದ:
ಸೈಟಿನಾಗ ಸ್ಟೀಲಿನ ಕೂಲರು,
ಸರಪಳಿಗೆ ಕಟ್ಟಿದ ಒಂದೇ ಲೋಟ.
ಪೇಶಾವರದವ ಕುಡದ, ನೆಲ್ಲೂರಿನ ರೆಡ್ಡಿ ಕುಡದ,
ಲೋಟ ನನ್ನ ಕೈಗೆ ಬಂತು.
ಆಚೀಚಿ ನೋಡಿದೆ. ನನ್ನ ಯಾರೂ ನೋಡಲಿಲ್ಲ.

ನಮ್ಮೂರ ಹೋಟೆಲಿನಾಗ ನಮ್ಮಪ್ಪನ ಕಪ್ಪು
ಹೊರಗ, ಗ್ವಾಡಿ ಸಂದಿನಾಗ ಇರತಿತ್ತು.
ತಾನೇ ತೊಳದು ತಾನೇ ಇಡಬೇಕು.
ಆ ದಿನ ನಾಕು ಲೋಟ ಕುಡದೆ.
ನೀರಡಿಕಿ ಇದ್ದದ್ದು ಒಂದರದ್ದು.

ಹಂಗಾಗಿ ಬಿಸಲು ನನಗ ಅನ್ಯಾಯ ಅನಸಲಿಲ್ಲ,
ಸುರಪುರದಾಗೂ ಅದೇ ಸೂರ್ಯ.
ಮಾರ್ಬಲ್ ನೋಡಾಕ ಬಂದ ಮಾಲಕರು
ನನ್ನ ಮಾರಿ ನೋಡದಿದ್ದರೂ ಅನಸಲಿಲ್ಲ.
ಅವರು ಬಾಳ ಎತ್ತರ,
ನನ್ನ ರಸಮಟ್ಟ ಅಷ್ಟುದ್ದ ಇಲ್ಲ.

ಅನಿಸಿದ್ದು, ಪಗಾರದ ಚೀಟಿ ಅದಲಿ ಬದಲಿ ಆಗಿ
ರೊಡೆಲ್‌ನ ಚೀಟಿ ನನ್ನ ಕೈಯಾಗ ಬಂದ ದಿನ.
ಒಂದೇ ನೆಲ, ಒಂದೇ ಕರಣಿ, ಅಷ್ಟೇ ತಾಸು.
ನಂದು ಸಾವಿರದ ನೂರು,
ಮನೀಲಾದವಂದು ಸಾವಿರದ ಎಂಟನೂರು.
ಫೋರ್‌ಮನ್ ಇದ್ದಿನಬ್ಬನ ಕೇಳಿದರ
ನಕ್ಕ: "ಅದು ಪಾಸ್‌ಪೋರ್ಟಿನ ರೇಟು, ಕೆಲಸದ್ದಲ್ಲ."

ಹೊಟ್ಟ್ಯಾಗ ಗುಳ್ಳಿ ಗೀಟು ದಾಟಿತು.
ಆ ರಾತ್ರಿ ಸಂಜೀವನ ಜೋಡಿ ನಾನೂ ಬೈದೆ,
ಬಾಯಿ ಒಣಗೂತನಕ ಬೈದೆ.
ನೀರಿಗಂತ ಎದ್ದರ ಬಾಗಿಲದಾಗ ಮೊಫಿಜುಲ್.
ಬಂದಾಗ ನನಗ ಸಿಮೆಂಟು ಕಲಸಿ ಕೊಡತಿದ್ದ,
ಈಗ ಅವನೂ ನೆಲ ಹಾಕತಾನ, ನನ್ನಷ್ಟೇ ನೆಟ್ಟಗ.
ಅಕ್ಷರ ಬರಂಗಿಲ್ಲ. ತಿಂಗಳಾ ಚೀಟಿ ತಂದು
ನನ್ನ ಕೈಯಾಗ ಕೊಡತಾನ,
ನಾ ಓದಿ ಹೇಳತೀನಿ: "ಎಂಟುನೂರು."

ಎರಡು ವರ್ಷ ಓದೀನಿ.
ಇಪ್ಪತ್ನಾಕು ಚೀಟಿ.
ಗುಳ್ಳಿ ಒಂದು ಸಲನೂ ಅಲುಗಿಲ್ಲ.